ಒಂದು ಮಿಲಿಮೀಟರಿನ ಫೈಬರಿನಲ್ಲಿ ಹೋದ ಮಾನ

ಬೇರೆಯವರ ತಪ್ಪು ಹುಡುಕುವಾಗ ನನಗಿರುವ ಚುರುಕು, ನನ್ನ ತಪ್ಪಿನ ಹತ್ತಿರ ಬಂದೊಡನೆ ಮಂಕಾಗುತ್ತದೆ. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತ, "ಯೂನಿಟ್ ತಪ್ಪಿದರೆ ಮಾರ್ಕ್ಸ್ ಕಟ್" ಎಂದು ಎಷ್ಟೋ ಮಕ್ಕಳ ಹೊಟ್ಟೆ ಉರಿಸಿದವನು ನಾನು. ಅವರ ಶಾಪವೇ ತಟ್ಟಿರಬೇಕು.

ನಮ್ಮದೊಂದು ಸಣ್ಣ ಸಂಶೋಧನೆ. ದಾರದಂಥ ಪ್ಲಾಸ್ಟಿಕ್ ಫೈಬರಿನೊಳಕ್ಕೆ ವೇಗದ ನ್ಯೂಟ್ರಾನ್ ನುಗ್ಗಿ ಒಂದು ಪ್ರೋಟಾನಿಗೆ ಡಿಕ್ಕಿ ಹೊಡೆದರೆ, ಆ ಪ್ರೋಟಾನ್ ಓಡಿದ ದಾರಿಯಲ್ಲಿ ಚೂರು ಬೆಳಕು ಹುಟ್ಟುತ್ತದೆ. ಎಷ್ಟು ಸಲ ಬೆಳಕು ಬರಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು ನಾನು. ನಿಜವಾದ ಫೈಬರ್ ಹಿಡಿದು ಅಳೆಯುವವಳು ಪದ್ಮಶ್ರೀ. ಹಿಂದೆ ನನ್ನ ವಿದ್ಯಾರ್ಥಿನಿ, ಈಗ ಶ್ರವಣಬೆಳಗೊಳದಿಂದ ಬಸ್ಸಿನಲ್ಲಿ ಬಂದುಹೋಗುವ ಕಿರಿಯ ಅಧ್ಯಾಪಕಿ. ನಾನು ನೂರು ಎಂದಲ್ಲಿ ಅವಳಿಗೆ ಸಿಕ್ಕಿದ್ದು ಹತ್ತು. ವಿಭಾಗದ ಸಭೆಯಲ್ಲಿ, ಎಲ್ಲರೆದುರಿಗೆ, "ಫೈಬರಿನ ತುದಿ ಸರಿಯಾಗಿ ಪಾಲಿಶ್ ಮಾಡಿಲ್ಲಮ್ಮ, ಬೆಳಕೆಲ್ಲ ಅಲ್ಲೇ ಸೋರಿಹೋಗ್ತಿದೆ. ಕೈಕೆಲಸಕ್ಕೆ ಶ್ರದ್ಧೆ ಬೇಕು" ಎಂದುಬಿಟ್ಟೆ. ಅವಳ ಮುಖ ಕೆಂಪಾಯಿತು. ನನಗದು ಪಶ್ಚಾತ್ತಾಪದಂತೆ ಕಂಡಿತು!

ಹದಿನೈದು ದಿನ ಅವಳು ತುದಿ ಉಜ್ಜಿದಳು. ಲ್ಯಾಬ್ ನೋಡಿಕೊಳ್ಳುವ ಮಲ್ಲಿಪಟ್ಟಣದ ಜವರಯ್ಯ ತಡೆಯಲಾರದೆ, "ಸಾ, ಮೇಡಮ್ಮೋರು ಉಜ್ಜಿ ಉಜ್ಜಿ ಕೈಬೆಳ್ಳೇ ಸವೆಸ್ಕೊಂಬುಟ್ರು. ಒಸಿ ನೀವೂ ನಿಮ್ದು ನೋಡ್ಕಳಿ" ಎಂದ. "ನಂದೇನಯ್ಯ ನೋಡೋದು?" ಎಂದು ನಕ್ಕೆ.

ಕೊನೆಗೆ ಪದ್ಮಶ್ರೀಯೇ ಬಂದು ನನ್ನ ಪ್ರೋಗ್ರಾಂ ತೆರೆಸಿದಳು. ಪರದೆಯ ಮೇಲೆ ಬೆರಳಿಟ್ಟು ಮೆಲ್ಲಗೆ, "ಸರ್, ನಮ್ಮ ಫೈಬರ್ ಒಂದು ಮಿಲಿಮೀಟರ್ ದಪ್ಪ. ನೀವು ಒಂದು ಸೆಂಟಿಮೀಟರ್ ಕೊಟ್ಟಿದ್ದೀರ" ಎಂದಳು. ಬೀರು ಒರೆಸುತ್ತಿದ್ದ ಜವರಯ್ಯನ ಕೈ ನಿಂತಿತು. ನಾನು ಲೆಕ್ಕ ಹಾಕಿದ್ದು ದಾರಕ್ಕಲ್ಲ, ಕಿರುಬೆರಳಿನಷ್ಟು ದಪ್ಪದ ಕಡ್ಡಿಗೆ. ಅದರೊಳಗೆ ನ್ಯೂಟ್ರಾನ್‌ಗಳು ಧಾರಾಳವಾಗಿ ಡಿಕ್ಕಿ ಹೊಡೆಯದೆ ಇನ್ನೇನು ಮಾಡಿಯಾವು?

ಮೂರು ದಿನ ಅವಳ ಕಣ್ಣು ತಪ್ಪಿಸಿ ಹಿಂದಿನ ಮೆಟ್ಟಿಲಲ್ಲಿ ಓಡಾಡಿದೆ. ನಾಲ್ಕನೆಯ ದಿನ ಮತ್ತೆ ಸಭೆ. ಎದ್ದು ನಿಂತು, "ಕಂಪ್ಯೂಟರ್ ಒಂದು ಸಣ್ಣ ಎಡವಟ್ಟು ಮಾಡಿದೆ" ಎಂದೆ.

ಕಾಫಿ ಹಂಚುತ್ತಿದ್ದ ಜವರಯ್ಯ ಕೇಳಿದ: "ಅದ್ಕೆ ದಪ್ಪ ಇಷ್ಟು ಅಂತ ಯೋಳ್ಕೊಟ್ಟೋರು ಯಾರು ಸಾ?"

"ನಾನೇ" ಎಂದೆ. ಪದ್ಮಶ್ರೀಯ ಕಡೆ ತಿರುಗಿ, "ನಿನ್ನ ಅಳತೆ ಸರಿಯಾಗೇ ಇತ್ತಮ್ಮ. ನಾನು ಹಾಗನ್ನಬಾರದಿತ್ತು" ಎಂದೆ.

"ಇರಲಿ ಬಿಡಿ ಸರ್," ಎಂದಳು. ಕಾಫಿ ಲೋಟ ಕೆಳಗಿಟ್ಟು, "ಅವತ್ತು ಮಾತ್ರ ಬಸ್ಸಲ್ಲಿ ಊರವರೆಗೂ ಅಳ್ತಾ ಹೋದೆ."

ಆ ಮಾತಿಗೆ ತಲೆ ತಗ್ಗಿಸಿದವನು ಸಭೆ ಮುಗಿಯುವವರೆಗೂ ಎತ್ತಲಿಲ್ಲ. ಹೊಸ ಲೆಕ್ಕ ಅವಳ ಅಳತೆಗೆ ತಾಳೆಯಾಯಿತು. ವರದಿಯಲ್ಲಿ ನನ್ನ ಹೆಸರನ್ನು ಹಿಂದಕ್ಕೆ ಸರಿಸಿ ಅವಳದನ್ನು ಮೊದಲು ಹಾಕಿದೆ. ನೋಡಿ, ನಾಚಿಕೆಗೇಡಿನ ಕಥೆ ಹೇಳಲು ಕೂತವನು, ಕೊನೆಗೆ ನನ್ನ ದೊಡ್ಡತನವನ್ನೇ ಹೇಳಿಕೊಂಡುಬಿಟ್ಟೆ.