ತೈಸ್ತೊನಿಗೆ ಸಿಕ್ಕ ಆರು ಗಂಟೆ

ತೈಸ್ತೊನಿಗೆ ಬೇಕಾಗಿದ್ದದ್ದು ನಿದ್ದೆ, ಬೇರೇನೂ ಅಲ್ಲ. ತೊಂಬತ್ತೊಂದರ ತಾಯಿ ಲೆಂಪಿ ರಾತ್ರಿ ನಾಲ್ಕು ಸಲ ಎಬ್ಬಿಸುತ್ತಿದ್ದರು: ಒಮ್ಮೆ ನೀರಿಗೆ, ಒಮ್ಮೆ ಕಾಲು ನೋವಿಗೆ, ಉಳಿದೆರಡು ಸಲ ಸುಮ್ಮನೆ. ಮೂರು ವರ್ಷ ಹೀಗೇ ಕಳೆದ ಮೇಲೆ ಊರಿನ ಸಮಾಜಕಲ್ಯಾಣ ಕಚೇರಿಯವರು ಕರುಣೆ ತೋರಿ, ತಿಂಗಳಿಗೊಂದು ದಿನ ಅಮ್ಮನನ್ನು ನೋಡಿಕೊಳ್ಳಲು ಬದಲಿ ಹೆಂಗಸನ್ನು ಕಳಿಸಲು ಒಪ್ಪಿದರು. ಮೊದಲ ಸರದಿ ಮೇ ತಿಂಗಳ ಮೊದಲ ಶನಿವಾರ, ಹತ್ತರಿಂದ ನಾಲ್ಕರವರೆಗೆ.

ಬದಲಿಗೆ ಬರುವವಳೂ ಅತಿಥಿಯೇ ತಾನೇ? ತೈಸ್ತೊ ಐದಕ್ಕೇ ಎದ್ದು ನೆಲ ಒರೆಸಿದ, ಏಲಕ್ಕಿ ಬನ್ನು ಬೇಯಿಸಿದ, ಕಿಟಕಿ ಗಾಜನ್ನೂ ಉಜ್ಜಿದ.

ಹತ್ತಕ್ಕೆ ಮಾರಿತ್ತಾ ಬಂದಳು. "ನೀವು ಹೊರಡಿ ತೈಸ್ತೊ, ಎಲ್ಲಾದ್ರೂ ಹೋಗಿ ಆರಾಮಾಗಿರಿ."

ಮನೆಯಲ್ಲೇ ಮಲಗಿದರೆ ಅಮ್ಮ ಕರೆಯದೆ ಬಿಟ್ಟಾರೆಯೇ? ಅವನು ದಿಂಬನ್ನು ಚೀಲಕ್ಕೆ ತುರುಕಿಕೊಂಡು ನೆಲಮಾಳಿಗೆಗೆ ಇಳಿದ. ಕಟ್ಟಡದವರೆಲ್ಲ ಹಬೆಸ್ನಾನ ಮಾಡುವ ಸೌನಾ ಅಲ್ಲಿತ್ತು. ಸಂಜೆಯವರೆಗೆ ಅತ್ತ ಯಾರೂ ಸುಳಿಯುವುದಿಲ್ಲ. ಕೂರಲು ಹಾಕಿದ್ದ ಮೇಲಿನ ಹಲಗೆಯ ಮೇಲೆ ಅಡ್ಡಾದದ್ದೇ ತಡ, ಕಣ್ಣು ಹತ್ತಿತು.

ದೀಪ ಹೊತ್ತಿತು. ಕಟ್ಟಡ ಸಂಘದ ಅಧ್ಯಕ್ಷೆ ಸಿರ್ಕಾ ಬಕೆಟ್ ಹಿಡಿದು ನಿಂತಿದ್ದರು. ಅವರ ಹಿಂದೆ ಎರಡನೇ ಮಹಡಿಯ ಔಲಿಸ್, ಪೊರಕೆ ಸಮೇತ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಮಾಡುವ ವಸಂತದ ಶ್ರಮದಾನ ಇವತ್ತೇ ಎಂದು ತೈಸ್ತೊನಿಗೆ ಆಗ ಹೊಳೆಯಿತು.

"ನೋಡು ಔಲಿಸ್," ಎಂದರು ಸಿರ್ಕಾ. "ಮೂರು ವರ್ಷದಿಂದ ಅಮ್ಮನ್ನ ಬಿಟ್ಟು ಬರೋಕಾಗಲ್ಲ ಅಂತಿದ್ದೋನು ಇವತ್ತು ನಮಗಿಂತ ಮುಂಚೆ ಹಾಜರ್."

"ಮೇಲೆ ಹತ್ತಿ ಏನ್ ಮಾಡ್ತಿದೀಯಪ್ಪ?" ಔಲಿಸ್ ಕೇಳಿದ.

ನೆರೆಹೊರೆಯೆಲ್ಲ ದುಡಿಯುವ ದಿನ ಮಲಗಲು ಬಂದೆ ಎನ್ನಲು ಆ ಊರಿನಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. "ಹಲಗೆ ಎಷ್ಟು ಕೊಳೆಯಾಗಿದೆ ಅಂತ ನೋಡ್ತಿದ್ದೆ."

"ದಿಂಬು?"

"ಮಂಡಿಗೆ. ಮಂಡಿಯೂರಿ ಉಜ್ಜಬೇಕಲ್ಲ."

"ಕಲಿ ಔಲಿಸ್, ಇವನನ್ನ ನೋಡಿ ಕಲಿ," ಎಂದು ಸಿರ್ಕಾ ಬಕೆಟ್ಟನ್ನು ತೈಸ್ತೊನ ಕೈಗಿಟ್ಟರು.

ಹಲಗೆ ಉಜ್ಜಿದ. ಸೈಕಲ್ ಶೆಡ್ಡಿನ ಹಿಂದೆ ಐದು ನಿಮಿಷ ಒರಗೋಣವೆಂದು ನುಸುಳಿದರೆ, ಸಿರ್ಕಾ ಅಲ್ಲಿಗೂ ಬಂದು ಎಲೆ ಬಾಚುವ ಕುಂಟೆ ಕೊಟ್ಟರು. ಎಲೆ ಗುಡ್ಡೆ ಹಾಕಿದ. ಏಣಿ ಹತ್ತಿ ಸೂರಿನ ಮಳೆನೀರಿನ ದೋಣಿಯಿಂದ ಕಸ ತೆಗೆಯುವಾಗ ನಿಂತಲ್ಲೇ ತೂಕಡಿಸಿದ. "ಬೀಳ್ತೀಯೋ," ಎಂದು ಔಲಿಸ್ ಕೆಳಗಿನಿಂದ ಕೂಗಿದ. "ಇಲ್ಲ ಇಲ್ಲ, ಎಚ್ಚರಾಗೇ ಇದೀನಿ," ಎಂದು ತೈಸ್ತೊ ಮೇಲಿನಿಂದ ಕೂಗಿದ. ಕೊನೆಗೆ ಎಲ್ಲರೂ ಸುಟ್ಟ ಸಾಸೇಜ್ ತಿನ್ನುತ್ತ ಅವನನ್ನು ಮುಂದಿನ ವರ್ಷದ ಶ್ರಮದಾನದ ಮುಖಂಡನನ್ನಾಗಿ ಆರಿಸಿದರು. ಬೇಡ ಎನ್ನಲೂ ಅವನಲ್ಲಿ ತ್ರಾಣವಿರಲಿಲ್ಲ.

ನಾಲ್ಕಕ್ಕೆ ಸೊಂಟ ಹಿಡಿದುಕೊಂಡು ಮನೆ ಬಾಗಿಲು ತೆಗೆದ. ಸೋಫಾದಿಂದ ಮಾರಿತ್ತಾ ಕಣ್ಣುಜ್ಜುತ್ತ ಎದ್ದಳು.

"ನಿಮ್ಮಮ್ಮ ಬಂಗಾರದಂಥೋರು. ನೀವು ಹೋದಮೇಲೆ ಮಲಗಿದೋರು ಈಗ ಎದ್ರು. ಮಾಡೋಕೆ ಕೆಲ್ಸ ಇಲ್ದೆ ನಂಗೂ ಜೊಂಪು ಹತ್ತಿಬಿಡ್ತು. ದಿನಾ ಇಂಥಾ ಮನೇಲಿ ಇರೋಕೆ ಪುಣ್ಯ ಮಾಡಿರ್ಬೇಕು ನೀವು."

ಅವಳು ಹೋದಳು. ಒಳಗೆ ಲೆಂಪಿ ಮಂಚದ ಮೇಲೆ ನೆಟ್ಟಗೆ ಕುಳಿತಿದ್ದರು. ಕೆನ್ನೆ ಕೆಂಪೇರಿತ್ತು. ಅಮ್ಮನನ್ನು ಇಷ್ಟು ಗೆಲುವಾಗಿ ಕಂಡು ಎಷ್ಟೋ ದಿನವಾಗಿತ್ತು. ತೈಸ್ತೊನಿಗೆ ಸಂತೋಷವೇ ಆಯಿತು.

"ಕಿಟಕಿ ಕೆಳಗೆ ನಿನ್ನ ದನಿ ಕೇಳ್ತಾನೇ ಇತ್ತು ಕಣೋ," ಎಂದರು ಲೆಂಪಿ. "ಮಗ ಇಲ್ಲೇ ಇದಾನಲ್ಲ ಅಂತ ನಿಶ್ಚಿಂತೆಯಾಗಿ ನಿದ್ದೆ ಬಂತು. ಇನ್ನು ಬೆಳಗಾಗೋವರೆಗೂ ನಾನು ಕಣ್ಣು ಮುಚ್ಚೋದಿಲ್ಲ. ಬಾ, ಇಸ್ಪೀಟು ಹಾಕು."