ಕೆಂಪನಂಜಪ್ಪನವರ ಸುಳ್ಳುಪತ್ತೆ

ಇನ್ನು ಮುಂದೆ ಧನಗೆರೆಯಲ್ಲಿ ತಮ್ಮೆದುರು ಒಬ್ಬನೂ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾರ ಎಂದು ಕೆಂಪನಂಜಪ್ಪನವರು ಮೀಸೆ ತಿರುವಿದರು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ರಾಮಾಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಪೊಲೀಸಿನವರೊಬ್ಬರು ಈ ಮಹಾವಿದ್ಯೆಯನ್ನು ಅವರಿಗೆ ಧಾರೆ ಎರೆದಿದ್ದರು: ಸುಳ್ಳುಗಾರ ನೆಲ ನೋಡುತ್ತಾನೆ, ಮೂಗು ಉಜ್ಜುತ್ತಾನೆ, ಕಾಲು ತಿಕ್ಕುತ್ತಾನೆ. ಅಷ್ಟೇ!

ವಿದ್ಯೆಗೆ ತಕ್ಕ ಗಿರಾಕಿ ಅದೇ ವಾರ ಸಿಕ್ಕಿದ. ಮಗಳು ಶಿವರತ್ನಳನ್ನು ನೋಡಲು ಕುಂತೂರಿನ ಶಿವಮಲ್ಲಪ್ಪನವರು ಮಗನೊಂದಿಗೆ ಬರುವವರಿದ್ದರು. ಒಳ್ಳೆಯ ಮನೆತನ, ಯಾವುದೋ ಮದುವೆಯಲ್ಲಿ ಹುಡುಗನನ್ನು ಕಂಡಿದ್ದ ಶಿವರತ್ನಳಿಗೂ ಮನಸ್ಸಿತ್ತು. ಈ ಸಂಬಂಧ ತಪ್ಪಬಾರದೆಂದು ಹೆಂಡತಿ ದೊಡ್ಡಬಸಮ್ಮ ಬೆಳಗಿನಿಂದ ಕಜ್ಜಾಯ ಸುಡುತ್ತಿದ್ದರು. ನೆಂಟರಿಗಿಂತ ಮೊದಲು ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಗಿತ್ತು. ಜಮಖಾನ ಹಾಸಬೇಕಾಗಿದ್ದ ಯಜಮಾನರು ಒಂದನ್ನು ಎಗರಿಸಿ ಅರ್ಧ ತಿಂದರು. ಹೆಂಡತಿ ಬಂದದ್ದೇ ಉಳಿದರ್ಧ ಜುಬ್ಬದ ಜೇಬಿಗಿಳಿಯಿತು. ಒಂದು ಕಮ್ಮಿ ಇದೆಯಲ್ಲ ಎಂದಾಕೆ ಕೇಳಿದರೆ, ಕಣ್ಣಲ್ಲಿ ಕಣ್ಣಿಟ್ಟು ಬೆಕ್ಕು ತಿಂತು ಎಂದರು. ಮೂಗಿಗೆ ಕೈ ಹೋಗಲಿಲ್ಲ!

ನೆಂಟರು ಬಂದರು. ಕೆಂಪನಂಜಪ್ಪನವರು ಹುಡುಗನ ಪಕ್ಕಕ್ಕೇ ಒತ್ತಿ ಕೂತು ವಿಚಾರಣೆ ಶುರುಮಾಡಿದರು. ಬೀಡಿ ಸೇದುತ್ತೀಯಾ? ಇಲ್ಲವೆಂದ, ಕಾಲು ತಿಕ್ಕಿದ. ಇಸ್ಪೀಟು? ಇಲ್ಲವೆಂದ, ನೆಲ ನೋಡಿದ, ಮೂಗು ಉಜ್ಜಿದ, ಕೂತಲ್ಲೇ ಒಮ್ಮೆ ಎಗರಿದ.

“ನಿಮ್ ಮಗ ಏಳಾದೆಲ್ಲಾ ಸುಳ್ಳು ಕಣ್ರಿ!”

ಶಿವಮಲ್ಲಪ್ಪನವರು ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದುಬಿಟ್ಟರು. “ನಡೀಲಾ ಮಗ, ಓಗವ.”

ಬಾಗಿಲ ಹಿಂದೆ ಶಿವರತ್ನಳ ಬಳೆಯ ಸದ್ದು ನಿಂತೇಹೋಯಿತು.

ದೊಡ್ಡಬಸಮ್ಮ ಓಡಿ ಬಂದರು. ಹುಡುಗನ ಕಾಲು ನೋಡಿದರು, ಜಮಖಾನದ ಅಂಚು ಎತ್ತಿದರು. ಕೆಂಪಿರುವೆ! ಹೆಣ್ಣು ನೋಡಲು ಬಂದ ಮನೆಯಲ್ಲಿ ಇರುವೆ ಎಂದು ಹೇಗೆ ಹೇಳುವುದೆಂದು ಪಾಪದ ಹುಡುಗ ಹಲ್ಲು ಕಚ್ಚಿ ಕೂತಿದ್ದ. ಜಮಖಾನದಡಿ ಚೆಲ್ಲಿದ್ದ ಕಜ್ಜಾಯದ ಪುಡಿಗೆ ಮುತ್ತಿದ್ದ ಇರುವೆಗಳ ಸಾಲು ಆಗಷ್ಟೇ ಯಜಮಾನರ ಜುಬ್ಬ ಹತ್ತಿ ಜೇಬಿಗೆ ಇಳಿಯುತ್ತಿತ್ತು.

“ಬೆಕ್ಕು ತಿಂತು ಅಂದ್ರಲ್ಲಾ?”

ಕೆಂಪನಂಜಪ್ಪನವರು ನೆಲ ನೋಡಿದರು, ಮೂಗು ಉಜ್ಜಿದರು, ಕಾಲು ತಿಕ್ಕಿದರು. ಪೊಲೀಸಿನವರ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು.

“ಬುಡಿ ಅತ್ತೆ,” ಎಂದ ಹುಡುಗ ಮೆಲ್ಲಗೆ. “ಮಾವಂಗೂ ಇರುವೆ ಕಚ್ಚಿರ್ಬೇಕು.”

ಅತ್ತೆ! ಮಾವ! ಶಿವಮಲ್ಲಪ್ಪನವರು ನಗು ತಡೆಯಲಾರದೆ ಮತ್ತೆ ಕೂತರು. ಬಾಗಿಲ ಹಿಂದೆ ಬಳೆ ಮತ್ತೆ ಸದ್ದು ಮಾಡಿತು. ಕೆಂಪನಂಜಪ್ಪನವರಿಗೆ ಹೋದ ಜೀವ ಬಂದಂತಾಯಿತು. ದೊಡ್ಡಬಸಮ್ಮ ಕಜ್ಜಾಯದ ತಟ್ಟೆ ತಂದು ಎಲ್ಲರಿಗೂ ಕೊಟ್ಟರು. ಗಂಡ ಕೈ ಚಾಚಿದಾಗ ಮಾತ್ರ ತಟ್ಟೆ ನಿಲ್ಲದೆ ಮುಂದೆ ಹೋಯಿತು.

“ನಿಮ್ದು ಜೇಬಲ್ಲೇ ಅದೆಯಲ್ಲಾ.”