ಸಾಲಿನಲ್ಲಿ ನಿಂತ ಚಪ್ಪಲಿ

ನೀರು ಸರಬರಾಜು ಕಚೇರಿಯಲ್ಲಿ ಸಾಲು ನಿಲ್ಲುವುದು ಅರ್ಜಿದಾರರಲ್ಲ, ಅವರ ಚಪ್ಪಲಿಗಳು ಎಂಬುದನ್ನು ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ. ಈ ಪದ್ಧತಿಯನ್ನು ನಾವೇನೂ ಹುಟ್ಟುಹಾಕಲಿಲ್ಲ. ನಿಂತು ನಿಂತು ಕಾಲು ಸೋತ ಜನರೇ ಚಪ್ಪಲಿ ಬಿಟ್ಟು ಎದುರಿನ ಮರದ ನೆರಳಿಗೆ ಹೋಗತೊಡಗಿದರು. ಚಪ್ಪಲಿಗಳು ಮುಂದೆ ನುಗ್ಗುವುದಿಲ್ಲ, ಸಾಹೇಬರು ಇನ್ನೂ ಯಾಕೆ ಬಂದಿಲ್ಲ ಎಂದು ಕೇಳುವುದಿಲ್ಲ. ಇಂಥ ಸಭ್ಯ ನಾಗರಿಕರನ್ನು ಕಂಡು ನಮಗೆ ಕಣ್ಣು ತುಂಬಿ ಬಂತು. ಕೂಡಲೇ ಸುತ್ತೋಲೆ ಹೊರಟಿತು:

"ಸಾಲಿನಲ್ಲಿರುವ ಪಾದರಕ್ಷೆಯನ್ನೇ ಅರ್ಜಿದಾರರೆಂದು ಪರಿಗಣಿಸತಕ್ಕದ್ದು. ಒಂಟಿ ಚಪ್ಪಲಿಗೆ ಮಾನ್ಯತೆ ಇರುವುದಿಲ್ಲ. ಚಪ್ಪಲಿ, ಬೂಟು ಎಂಬ ಭೇದ ಸಲ್ಲದು. ಆದರೆ ಬೂಟುಗಳಿಗೆ ಕುರ್ಚಿ ಕೊಡಬಹುದು."

ದಿನವೂ ಸಾಲನ್ನು ಮುಂದೆ ಸರಿಸುವುದು ಜವಾನನ ಕೆಲಸ. ಪೊರಕೆಯಿಂದ ತಳ್ಳುತ್ತಾನೆ. ಟೀ ಕುಡಿಸಿದವರ ಚಪ್ಪಲಿ ಸ್ವಲ್ಪ ಹೆಚ್ಚು ಸರಿಯುವುದು ಪೊರಕೆಯ ಗುಣ, ಜವಾನನ ತಪ್ಪಲ್ಲ.

ಹೀಗಿರುವಾಗ ಹಿಂದಿನ ಬೀದಿಯ ಟೈಲರ್ ಮನೆಗೊಂದು ನಲ್ಲಿ ಬೇಕೆಂದು ಬಂದ. ಹೆಂಡತಿ ಹಸಿ ಬಾಣಂತಿ. ಅವನು ದೂರದಿಂದ ಹೊತ್ತು ತರುವ ನೀರು ಕೂಸಿನ ಬಟ್ಟೆ ಒಗೆಯುವುದಕ್ಕೂ ಸಾಕಾಗುತ್ತಿರಲಿಲ್ಲ. ಚಪ್ಪಲಿಯನ್ನು ಸಾಲಿನ ಕೊನೆಗೆ ಬಿಟ್ಟು, ಬರಿಗಾಲಲ್ಲಿ ಮನೆಗೆ ಹೋಗಿ ಹೊಲಿಯುತ್ತ ಕೂತ. ಅಂತೂ ಇಂತೂ ಸರದಿ ಬಂದ ಸುದ್ದಿ ತಿಳಿದು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.

"ನೀವ್ಯಾರು?" ಎಂದರು ಗುಮಾಸ್ತರು.

"ಆ ಚಪ್ಪಲಿ ನಂದೇ ಸಾರ್."

"ಇರಬಹುದು. ಅವರು ತಿಂಗಳಿಂದ ಇಲ್ಲೇ ಇದ್ದಾರೆ. ನಿಮ್ಮನ್ನ ಒಂದಿನಾನೂ ನೋಡಿಲ್ವಲ್ಲ?"

"ಮನೇಲಿ ಎಳೆ ಕೂಸಿದೆ ಸಾರ್. ಬೇಕಾದ್ರೆ ಹಾಕ್ಕೊಂಡು ತೋರಿಸ್ತೀನಿ."

"ಹಾಕ್ಕೊಂಡ್ರೆ ಸಾಲು ಬಿಟ್ಟ ಹಾಗಾಯ್ತು. ಮತ್ತೆ ಕೊನೆಗೆ ಹೋಗ್ಬೇಕಾಗುತ್ತೆ. ಯೋಚ್ನೆ ಮಾಡಿ."

ಟೈಲರ್ ಯೋಚನೆ ಮಾಡಿದ. "ಹಾಗಾದ್ರೆ ಅವರ ಹೆಸರಲ್ಲೇ ಕೊಟ್ಬಿಡಿ ಸಾರ್. ನಮಗೆ ನೀರು ಬಂದ್ರೆ ಸಾಕು" ಎಂದು ಕೈಮುಗಿದ.

ನಲ್ಲಿ ಮಂಜೂರಾಯಿತು. ಸ್ಥಳ ಪರಿಶೀಲನೆಗೆ ಎಂಜಿನಿಯರ್ ಬಂದರು. ನಿಯಮದ ಪ್ರಕಾರ ನಲ್ಲಿಯನ್ನು ಅರ್ಜಿದಾರರು ವಾಸವಿರುವ ಜಾಗದಲ್ಲೇ ಹಾಕಬೇಕು. ಅರ್ಜಿದಾರರು ನಮ್ಮ ಕಚೇರಿಯ ಪಡಸಾಲೆಯಲ್ಲಿ, ಗುಮಾಸ್ತರ ಕಿಟಕಿಯ ಕೆಳಗೆ ವಾಸವಿರುವುದನ್ನು ಅವರು ಕಣ್ಣಾರೆ ಕಂಡರು. ಸಂಜೆಯೊಳಗೆ ನೆಲ ಅಗೆದು, ಪೈಪು ಎಳೆದು, ನಲ್ಲಿ ನಿಲ್ಲಿಸಿಯೇಬಿಟ್ಟರು. ನಮ್ಮ ಇಲಾಖೆಯಲ್ಲಿ ಇಷ್ಟು ಬೇಗ ಮುಗಿದ ಕೆಲಸ ಇನ್ನೊಂದಿಲ್ಲ.

ಟೈಲರ್ ಹಣೆ ಚಚ್ಚಿಕೊಂಡ. ಸುಳ್ಳೇಕೆ ಹೇಳಬೇಕು, ನಮಗೂ ಅಯ್ಯೋ ಪಾಪ ಅನ್ನಿಸಿತು. ನಲ್ಲಿಯನ್ನು ಮನೆಗೆ ವರ್ಗಾಯಿಸಲು ಅವಕಾಶವಿದೆ, ಅದಕ್ಕೆ ಪಕ್ಕದಲ್ಲೇ ಬೇರೆ ಸಾಲಿದೆ ಎಂದು ದಾರಿಯನ್ನೂ ತೋರಿಸಿದೆವು. ಆದರೆ ಇಲ್ಲಿಂದ ಚಪ್ಪಲಿ ಎತ್ತಿದರೆ ಸಂಪರ್ಕ ರದ್ದು. ಅವನಿಗಿದ್ದದ್ದು ಅದೊಂದೇ ಜೊತೆ.

ಮರುದಿನ ಅವನು ಹೊಲಿಗೆ ಯಂತ್ರ, ಹಾಸಿಗೆ, ಬಾಣಂತಿ, ಕೂಸು ಸಮೇತ ಬಂದಿಳಿದ.

"ಮನೆಗೆ ನೀರು ತರ್ತೀನಿ ಅಂತ ಹೋಗಿ, ಮನೇನೇ ನೀರಿನ ಹತ್ರ ತಂದ್ರಲ್ಲ ರೀ!" ಎಂದು ಹೆಂಡತಿ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡಳು. ಬಯ್ಯುತ್ತಲೇ ನಲ್ಲಿ ತಿರುಗಿಸಿದಳು. ನೀರು ಧಾರಾಳವಾಗಿ ಬಂತು. ಅವಳ ಬಾಯಿ ಅಲ್ಲಿಗೇ ನಿಂತಿತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯತೊಡಗಿದಳು. ಗುಮಾಸ್ತರು ಮೈಮೇಲೆ ಹನಿ ಸಿಡಿಯದಂತೆ ಕುರ್ಚಿ ಸರಿಸಿಕೊಂಡು, ಮುಂದಿನ ಚಪ್ಪಲಿಯನ್ನು ಕರೆದರು.